ಹಾಳೂರಿನ ಹಾಡು ನಂಬರ್ ಒನ್!

ಊಟಿ ಅಂದ ತಕ್ಷಣ ನಿಮಗೆ ಏನು ನೆನಪಾಗುತ್ತೆ? ನೀಲಗಿರಿ ಮರ, ಬೊಟಾನಿಕಲ್ ಗಾರ್ಡನ್ನು, ಇಳಿಜಾರಿನಲ್ಲಿ ಸ್ವೆಟರು ತೊಟ್ಟು ಓಡಿ ಬರುವ ಹೀರೋ, ಚಳಿಗೆ ನಡುಗುತ್ತಲೇ ನಗುವ ಹೀರೋಯಿನ್ನು! ನಮ್ಮ ಸಿನಿಮಾದವರು ಗುಂಡ್ಲುಪೇಟೆ ದಾಟಿ ಅಲ್ಲಿಗೆ ಹೋಗಿ ತೆಗೆದ ಡ್ಯುಯೆಟ್‌ಗಳಿಗೆ ಲೆಕ್ಕವೇ ಇಲ್ಲ. ಆದರೆ 1955ರ ಮೇ ತಿಂಗಳಲ್ಲಿ ಅದೇ ಊಟಿಯಲ್ಲಿ ಹುಟ್ಟಿದ ಹುಡುಗನೊಬ್ಬ ಇಂಗ್ಲೆಂಡಿನಲ್ಲಿ ಬೆಳೆದು, ಅಲ್ಲಿ ಒಂದು ಹಾಡು ಕಟ್ಟಿದ. ಆ ದೇಶದ ಊರೂರು ಹೊತ್ತಿ ಉರಿಯುತ್ತಿದ್ದ ಹೊತ್ತಿನಲ್ಲೇ ಆ ಹಾಡು ನಂಬರ್ ಒನ್ ಸ್ಥಾನದಲ್ಲಿ ಮೂರು ವಾರ ಕೂತಿತ್ತು ಎಂದರೆ ನಂಬುತ್ತೀರಾ?

ನಾನೂ ನಂಬಿರಲಿಲ್ಲ. ಕೊವೆಂಟ್ರಿಗೆ ಹೋಗಿ ಬಂದ ಮೇಲೆ ನಂಬಿದೆ.

ಪಿಯುಸಿಯನ್ನು ನಡುನೀರಿನಲ್ಲಿ ಕೈಬಿಟ್ಟು, ಪತ್ರಿಕೆಗಳಿಗೆ ಬಿಡಿ ಲೇಖನ ಬರೆದು ಹೊಟ್ಟೆ ಹೊರೆಯುವ ಇವನಿಗೆ ಇಂಗ್ಲೆಂಡ್ ಹೇಗೆ ದಕ್ಕಿತು ಅಂತ ಹುಬ್ಬೇರಿಸಬೇಡಿ. ಅಕ್ಕನಿಗೆ ಹೆರಿಗೆ. ಬಾಣಂತನಕ್ಕೆ ಅಮ್ಮ ಹೋಗಬೇಕಿತ್ತು. ಅರಸೀಕೆರೆಯಿಂದ ಬೆಂಗಳೂರಿಗೇ ಒಬ್ಬಳೇ ಬಂದವಳಲ್ಲ, ಇನ್ನು ಲಂಡನ್ ಎಲ್ಲಿ ಬಂತು? ಭಾವ ಕೊವೆಂಟ್ರಿಯಲ್ಲಿ ಒಂದು ಕಾರಿನ ಕಂಪನಿಯಲ್ಲಿ ಇಂಜಿನಿಯರು. ಇಬ್ಬರಿಗೂ ಟಿಕೆಟ್ ಕಳಿಸಿದರು. "ಹೇಗೂ ನಿನಗೆ ರಜಾ ಹಾಕೋ ತೊಂದರೆ ಇಲ್ಲವಲ್ಲೋ" ಅಂದರು ಫೋನಿನಲ್ಲಿ. ಮಾತು ಚುಚ್ಚಿತು. ಆದರೂ ಹೊರಟೆ!

ಹೀಥ್ರೂ ವಿಮಾನ ನಿಲ್ದಾಣದಿಂದ ಕಾರಿನಲ್ಲಿ ಬರುವಾಗ ಅಮ್ಮನಿಗೆ ಮೆಂತ್ಯ ಸೊಪ್ಪು, ಶುಂಠಿ, ಓಮ ಬೇಕು ಅಂತ ಭಾವ ಸೌತಾಲ್ ಎಂಬ ಬಡಾವಣೆಗೆ ನುಗ್ಗಿಸಿದರು. ಇಳಿದು ನೋಡಿದರೆ ಲಂಡನ್ನೋ ಲೂಧಿಯಾನವೋ ತಿಳಿಯದು! ಬೀದಿ ತುಂಬ ಪಂಜಾಬಿ ಅಂಗಡಿಗಳು. ಅದರ ನಡುವೆ ಚೀನಾ ದೇಶದ ಗುಡಿಯ ಹಾಗೆ ಬಣ್ಣ ಬಣ್ಣದ ಮಾಡು ಹೊತ್ತ ಕಟ್ಟಡ. 1929ರಲ್ಲಿ ಕಟ್ಟಿದ ಸಿನಿಮಾ ಥಿಯೇಟರ್ ಅದು. 2001ರಿಂದ 2010ರ ತನಕ 'ಹಿಮಾಲಯ ಪ್ಯಾಲೇಸ್' ಎಂಬ ಹೆಸರಿನಲ್ಲಿ ಹಿಂದಿ ಚಿತ್ರ ಹಾಕುತ್ತಿದ್ದರಂತೆ. ಸಿನಿಮಾ ಹುಚ್ಚಿನ ನಾನು ಅಲ್ಲೇ ಬಾಯಿ ಬಿಟ್ಟು ನಿಂತೆ. ಈ ಬಡಾವಣೆಯಲ್ಲಿ ಒಮ್ಮೆ ಬೆಂಕಿ ಬಿದ್ದಿತ್ತು ಅನ್ನೋದು ಆಗ ನನಗೆ ಗೊತ್ತಿರಲಿಲ್ಲ.

ಕೌಂಟರಿನ ಮೇಲೆ ಕಪ್ಪು ಬಿಳುಪು

ಕೊವೆಂಟ್ರಿ ಲಂಡನ್ ತರಹ ಥಳಕಿನ ಊರಲ್ಲ. ದುಡಿಯುವವರ ಊರು. 1940ರ ನವೆಂಬರ್ 14ರ ರಾತ್ರಿ ಜರ್ಮನ್ ವಿಮಾನಗಳು ಬಾಂಬು ಸುರಿದು ಊರಿನ ನಡುಭಾಗವನ್ನೇ ನೆಲಸಮ ಮಾಡಿದವು. ಸುಟ್ಟ ಹಳೆಯ ಕ್ಯಾಥೆಡ್ರಲಿನ ಗೋಡೆಗಳನ್ನು ಹಾಗೇ ಉಳಿಸಿಕೊಂಡು, ಅದರ ಮಗ್ಗುಲಲ್ಲೇ 1962ರಲ್ಲಿ ಹೊಸದನ್ನು ತೆರೆದರು. ನೀವು ಹಳೇ ಸಿನಿಮಾಗಳಲ್ಲಿ ನೋಡಿದ 'ಸ್ಟ್ಯಾಂಡರ್ಡ್ ಹೆರಾಲ್ಡ್' ಕಾರು ಇದೆಯಲ್ಲ, ಮದರಾಸಿನಲ್ಲಿ ತಯಾರಾಗುತ್ತಿದ್ದದ್ದು, ಅದರ ತವರು ಈ ಕೊವೆಂಟ್ರಿಯ ಕ್ಯಾನ್ಲಿ ಕಾರ್ಖಾನೆ. ಫರ್ಗುಸನ್ ಟ್ರ್ಯಾಕ್ಟರೂ ಇಲ್ಲಿಯದೇ. ಎರಡನೇ ಮಹಾಯುದ್ಧದ ನಂತರ ಇಲ್ಲಿ ಕೆಲಸಕ್ಕೆ ಜನ ಸಾಲದೆ ಪಂಜಾಬಿನಿಂದ, ಜಮೈಕಾದಿಂದ ಬಂದು ತುಂಬಿಕೊಂಡರು.

ಬಂದ ಮೂರನೇ ದಿನ ಹಾಲು ತರಲು ಮೂಲೆಯಂಗಡಿಗೆ ಹೋದೆ. ಅಂಗಡಿಯವರು ಅರವತ್ತು ದಾಟಿದ ಸರ್ದಾರ್‌ಜಿ. ಅವರ ಕೌಂಟರಿನ ಅಂಚಿಗೆ ಚದುರಂಗದ ಹಾಸಿನಂತೆ ಕಪ್ಪು ಬಿಳಿ ಚೌಕದ ಪಟ್ಟಿ ಅಂಟಿಸಿತ್ತು. ಹಿಂದಿನ ಗೋಡೆಯ ಮೇಲೆ ಕಟ್ಟು ಹಾಕಿದ ಒಂದು 7 ಅಂಗುಲದ ಗ್ರಾಮಫೋನ್ ತಟ್ಟೆ. ಗುರುನಾನಕರ ಪಟ ಒಂದು ಕಡೆ, ಇದು ಒಂದು ಕಡೆ!

"ಯಾವ ಸಿನಿಮಾದ್ದು ಅಂಕಲ್?" ಅಂತ ಹಿಂದಿಯಲ್ಲಿ ಕೇಳಿದೆ.

ಅವರು ನಕ್ಕರು. "ಸಿನಿಮಾದ್ದಲ್ಲ ಬೇಟಾ, ಇದೇ ಊರಿನದು. 'ದಿ ಸ್ಪೆಷಲ್ಸ್' ತಂಡದ 'ಘೋಸ್ಟ್ ಟೌನ್'. 1981ರಲ್ಲಿ ನಂಬರ್ ಒನ್. ಕಟ್ಟಿದವನು ಜೆರಿ ಡ್ಯಾಮರ್ಸ್. ನಿಮ್ಮ ಕಡೆಯವನೇ, ಊಟಿಯಲ್ಲಿ ಹುಟ್ಟಿದವನು."

ಹಾಲಿನ ಡಬ್ಬಿ ಕೈಯಲ್ಲೇ ಉಳಿಯಿತು.

ಹಾಡಿಗೂ ಓಟಿನ ಲೆಕ್ಕ

'ಘೋಸ್ಟ್ ಟೌನ್' ಅಂದರೆ ಜನ ಬಿಟ್ಟುಹೋದ ಪಾಳು ಊರು. ನಮ್ಮ ಕಡೆ ಹಾಳೂರು ಅಂತೀವಲ್ಲ, ಅದೇ. ಹಾಳೂರಿನ ಮೇಲೆ ಹಾಡು, ಅದು ನಂಬರ್ ಒನ್! ಈ ವಿಚಿತ್ರದ ಬೆನ್ನು ಹತ್ತಿ ಪೇಟೆಯ ಸೆಂಟ್ರಲ್ ಲೈಬ್ರರಿಗೆ ಹೋದೆ. ಆ ಲೈಬ್ರರಿಯ ಕಥೆಯೇ ಒಂದು ಸಿನಿಮಾ. ಅದು ಮೊದಲು 'ಲೊಕಾರ್ನೋ' ಎಂಬ ಡ್ಯಾನ್ಸ್ ಹಾಲು. 1972ರಲ್ಲಿ ಅಮೆರಿಕದ ಚಕ್ ಬೆರ್ರಿ ಇಲ್ಲಿ ಹಾಡಿದ ಹಾಡೊಂದನ್ನು ಇಲ್ಲೇ ಮುದ್ರಿಸಿಕೊಂಡು ತಟ್ಟೆ ಮಾಡಿದರು. ಅದು ಆ ವರ್ಷದ ನವೆಂಬರಿನಲ್ಲಿ ನಂಬರ್ ಒನ್ ಆಯಿತು. ಆಮೇಲೆ ಹಾಲ್‌ಗೆ 'ಟಿಫನೀಸ್' ಎಂದು ಹೆಸರು ಬಂತು. 1980ರಲ್ಲಿ ನಂಬರ್ ಒನ್ ಆದ ಸ್ಪೆಷಲ್ಸ್ ತಂಡದ ಇನ್ನೊಂದು ತಟ್ಟೆಯ ಎರಡನೇ ಮಗ್ಗುಲೂ ಇಲ್ಲೇ ಮುದ್ರಣವಾದದ್ದು. 1986ರಿಂದ ಅದು ಲೈಬ್ರರಿ. ಹುಡುಗರು ಕುಣಿದ ಜಾಗದಲ್ಲಿ ಈಗ ಅಜ್ಜಂದಿರು ಪೇಪರ್ ಓದುತ್ತಾರೆ!

ಅಲ್ಲಿ ಕೂತು 1981ರ ಪಟ್ಟಿ ಹುಡುಕಿದೆ. ಮೊದಲು ಈ ಪಟ್ಟಿ ಹೇಗೆ ತಯಾರಾಗುತ್ತಿತ್ತು ಅಂತ ಕೇಳಿ. ನಮಗೆ ರೇಡಿಯೋ ಸಿಲೋನ್‌ನಲ್ಲಿ ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ ಇದ್ದ ಹಾಗೆ ಅವರಿಗೆ 'ಚಾರ್ಟ್'. ಆಗ ಇದ್ದದ್ದು 75 ಹಾಡುಗಳ ಪಟ್ಟಿ. ದೇಶದ ಆಯ್ದ ಅಂಗಡಿಗಳಿಗೆ ಒಂದೊಂದು ಡೈರಿ ಕೊಟ್ಟಿರುತ್ತಿದ್ದರು. ಒಂದು ತಟ್ಟೆ ಮಾರಿದರೆ ಅದರ ನಂಬರನ್ನು ಡೈರಿಯಲ್ಲಿ ಬರೆಯಬೇಕು. ವಾರದ ಕೊನೆಗೆ ಡೈರಿಗಳೆಲ್ಲ ಒಂದು ಸಂಸ್ಥೆಗೆ ಹೋಗಿ, ಅಲ್ಲಿ ಕೂಡಿ ಕಳೆದು ಪಟ್ಟಿ. ಮಂಗಳವಾರ ಮಧ್ಯಾಹ್ನ ಬಿಬಿಸಿ ರೇಡಿಯೋದಲ್ಲಿ ಘೋಷಣೆ. ಗುರುವಾರ ರಾತ್ರಿ ಟಿವಿಯಲ್ಲಿ 'ಟಾಪ್ ಆಫ್ ದಿ ಪಾಪ್ಸ್'. ನಮ್ಮ 'ಚಿತ್ರಮಂಜರಿ'ಗೆ ಬೀದಿಯ ಹುಡುಗರೆಲ್ಲ ಟಿವಿ ಇದ್ದವರ ಮನೆ ಕಿಟಕಿಗೆ ಜೋತು ಬೀಳುತ್ತಿದ್ದರು ಅಂತ ಅಪ್ಪ ಹೇಳುತ್ತಿದ್ದರಲ್ಲ, ಅಲ್ಲೂ ಹಾಗೇ ದೇಶಕ್ಕೆ ದೇಶವೇ ಟಿವಿ ಮುಂದೆ!

ಇದರಲ್ಲೂ ಗೋಲ್‌ಮಾಲ್ ಇತ್ತು ಸ್ವಾಮಿ. ಡೈರಿ ಇರುವ ಅಂಗಡಿ ಯಾವುದು ಅಂತ ಪತ್ತೆ ಹಚ್ಚಿ, ಕಂಪನಿಯ ಕಡೆಯವರೇ ಹೋಗಿ ತಮ್ಮ ತಟ್ಟೆ ತಾವೇ ಕೊಳ್ಳುವುದು. ನಿರ್ಮಾಪಕನೇ ಟಿಕೆಟ್ ಹರಿದು ಶತದಿನ ಮಾಡಿಸಿದಂತೆ! 1980ರಲ್ಲಿ ಅಲ್ಲಿನ ಟಿವಿಯೇ ಈ ಹುಳುಕನ್ನು ಬಯಲಿಗೆಳೆದಿತ್ತು.

ಒಂದು ವರ್ಷ, ನೂರು ಬಣ್ಣ

ಈಗ ವರ್ಷ ನೋಡಿ. 1980ರ ಡಿಸೆಂಬರ್ 8ರಂದು ನ್ಯೂಯಾರ್ಕಿನಲ್ಲಿ ಬೀಟಲ್ಸ್ ಖ್ಯಾತಿಯ ಜಾನ್ ಲೆನನ್‌ಗೆ ಗುಂಡಿಕ್ಕಿ ಕೊಂದರು. ಹಾಗಾಗಿ 1981 ಹುಟ್ಟಿದ್ದೇ ಕಣ್ಣೀರಿನಲ್ಲಿ. ಹತ್ತು ವರ್ಷ ಹಳೆಯದಾದ 'ಇಮ್ಯಾಜಿನ್' ಜನವರಿಯಲ್ಲಿ ಮೇಲೇರಿ ನಾಲ್ಕು ವಾರ ನಿಂತಿತು. ಅದರ ಬೆನ್ನಿಗೇ ಅವನದೇ 'ವುಮನ್' ಎರಡು ವಾರ. ಮಾರ್ಚಿನಲ್ಲಿ ರಾಕ್ಸಿ ಮ್ಯೂಸಿಕ್ ತಂಡ ಅವನ 'ಜೆಲಸ್ ಗೈ' ಹಾಡಿ ಶ್ರದ್ಧಾಂಜಲಿ ಸಲ್ಲಿಸಿತು. ಆ ರಾಗದ ಮೊದಲ ರೂಪ ಹುಟ್ಟಿದ್ದು 1968ರಲ್ಲಿ ಬೀಟಲ್ಸ್ ನಮ್ಮ ಹೃಷಿಕೇಶಕ್ಕೆ ಬಂದ ದಿನಗಳಲ್ಲಿ.

ಅಳುವಿನ ನಡುವೆ ನಗು ಬೇಡವೇ? ಜೋ ಡೋಲ್ಸ್ ಎಂಬಾತ ಇಟಲಿಯವರ ಇಂಗ್ಲಿಷನ್ನು ಅಣಕಿಸಿ ಹಾಡಿದ್ದು ಮೂರು ವಾರ ನಂಬರ್ ಒನ್. ಅಲ್ಟ್ರಾವಾಕ್ಸ್ ತಂಡದ 'ವಿಯೆನ್ನಾ' ಎಂಬ ಘನವಾದ ಹಾಡು ಅದರ ಕೆಳಗೆ ಎರಡನೇ ಸ್ಥಾನದಲ್ಲೇ ಕೊರಗಿತು. ಕಾಮಿಡಿ ಟ್ರ್ಯಾಕ್ ಗೆದ್ದು ಹೀರೋ ಸೋತ ಹಾಗೆ! ಆಗಸ್ಟ್ ಕೊನೆಗೆ 'ಜಪಾನೀಸ್ ಬಾಯ್' ಹಾಡಿದ 'ಅನೇಕಾ' ಜಪಾನಿನವಳೇ ಅಲ್ಲ. ಕಿಮೋನೋ ಉಟ್ಟು, ವಿಗ್ ಇಟ್ಟು ಬಂದ ಸ್ಕಾಟ್ಲೆಂಡಿನ ಜಾನಪದ ಗಾಯಕಿ.

ನವೆಂಬರಿನಲ್ಲಿ ಕ್ವೀನ್ ತಂಡ ಮತ್ತು ಡೇವಿಡ್ ಬೋವಿ ಸೇರಿ ಹಾಡಿದ 'ಅಂಡರ್ ಪ್ರೆಷರ್'. ಕ್ವೀನ್‌ನ ಫ್ರೆಡ್ಡಿ ಮರ್ಕ್ಯುರಿ ಗೊತ್ತಲ್ಲ? ನಿಜನಾಮ ಫಾರೂಕ್ ಬಲ್ಸಾರ. ಜಾಂಜಿಬಾರಿನಲ್ಲಿ ಹುಟ್ಟಿದ ಪಾರ್ಸಿ, ಓದಿದ್ದು ಮಹಾರಾಷ್ಟ್ರದ ಪಂಚಗನಿಯಲ್ಲಿ. ನಾವು ಇಳಿದ ಹೀಥ್ರೂ ನಿಲ್ದಾಣದಲ್ಲೇ ಒಂದು ಕಾಲಕ್ಕೆ ಸಾಮಾನು ಹೊತ್ತವನು! ಡಿಸೆಂಬರಿನಲ್ಲಿ ಶೆಫೀಲ್ಡಿನ ಹ್ಯೂಮನ್ ಲೀಗ್ ತಂಡದ 'ಡೋಂಟ್ ಯು ವಾಂಟ್ ಮಿ'. ಅದರ ಇಬ್ಬರು ಹುಡುಗಿಯರನ್ನು ತಂಡದ ನಾಯಕ 1980ರಲ್ಲಿ ಆರಿಸಿ ತಂದದ್ದು ಅದೇ ಊರಿನ ಒಂದು ನೈಟ್ ಕ್ಲಬ್ಬಿನಿಂದ. ಆಗಿನ್ನೂ ಇಬ್ಬರೂ ಶಾಲೆ ಹುಡುಗಿಯರು!

ನಗು, ಅಳು, ವೇಷ, ಪ್ರೇಮ. ಪಟ್ಟಿ ತುಂಬ ಇವೇ. ಇವುಗಳ ನಡುವೆ ಜುಲೈ 11, 18, 25ರ ಮೂರು ವಾರ ಮಾತ್ರ ಬೇರೆ ಲೋಕ. ಅಲ್ಲಿ 'ಘೋಸ್ಟ್ ಟೌನ್'.

ಆ ಶನಿವಾರ

ಮರುದಿನ ಸರ್ದಾರ್‌ಜಿ ಅಂಗಡಿಗೆ ಹೋದಾಗ ಗಿರಾಕಿ ಇರಲಿಲ್ಲ. ಕೂರಿಸಿ ಚಾ ಕೊಟ್ಟರು.

"ಆಗ ನನಗೆ ಹತ್ತೊಂಬತ್ತು. ಅಪ್ಪ ಫೌಂಡ್ರಿಯಲ್ಲಿ ಕೆಲಸ ಮಾಡಿ ಮಾಡಿ ಕೆಮ್ಮುತ್ತಿದ್ದ. ನನಗೆ ಫ್ಯಾಕ್ಟರಿ ಕೆಲಸ ಗ್ಯಾರಂಟಿ ಅಂದುಕೊಂಡಿದ್ದೆವು. ನನ್ನ ಸರದಿ ಬರುವ ಹೊತ್ತಿಗೆ ಫ್ಯಾಕ್ಟರಿಯೇ ಇಲ್ಲ."

ನಿಜ. ಹೆರಾಲ್ಡ್ ತಯಾರಾದ ಆ ಕ್ಯಾನ್ಲಿಯಲ್ಲಿ 1980ರಲ್ಲೇ ಕಾರು ಜೋಡಣೆ ನಿಂತಿತು. ಮಾರ್ಗರೆಟ್ ಥ್ಯಾಚರ್ ಪ್ರಧಾನಿ. 1981ರಲ್ಲಿ ಬ್ರಿಟನ್ನಿನಲ್ಲಿ ನಿರುದ್ಯೋಗಿಗಳ ಸಂಖ್ಯೆ 25 ಲಕ್ಷ. ಮರುವರ್ಷದ ಜನವರಿಗೆ 30 ಲಕ್ಷ ದಾಟಿತು. ಕೆಲಸ ಹೋದಾಗ ಕೆಲವರಿಗೆ ಕಣ್ಣಿಗೆ ಬೀಳೋದು ಪಕ್ಕದ ಮನೆಯ ಬೇರೆ ಬಣ್ಣದವನು. ತಲೆ ಬೋಳಿಸಿ, ದಪ್ಪ ಬೂಟು ಹಾಕಿ ತಿರುಗುವ ಹುಡುಗರ ಗುಂಪುಗಳಿದ್ದವು. ಅವರಲ್ಲಿ ಹಲವರಿಗೆ ನಮ್ಮವರನ್ನು ಬಡಿಯುವುದೇ ಶನಿವಾರದ ಆಟ.

"ಏಪ್ರಿಲ್ 18, ಶನಿವಾರ. ಹಾಡು ಹಗಲಲ್ಲಿ, ಪೇಟೆಯ ನಡುವೆ, ಇಪ್ಪತ್ತು ವರ್ಷದ ನಮ್ಮ ಹುಡುಗನನ್ನು ಕೊಂದು ಹಾಕಿದರು. ಓದುತ್ತಿದ್ದ ಹುಡುಗ. ನನಗಿಂತ ಒಂದೇ ವರ್ಷ ದೊಡ್ಡವನು. ಅವತ್ತಿನಿಂದ ಅಮ್ಮ ನನ್ನನ್ನು ಶನಿವಾರ ಪೇಟೆಗೆ ಬಿಡಲಿಲ್ಲ."

ನಾನು ಬರೆದುಕೊಂಡಿದ್ದ ಪಟ್ಟಿ ತೆಗೆದು ನೋಡಿದೆ. ಏಪ್ರಿಲ್ 18ರ ನಂಬರ್ ಒನ್: 'ಮೇಕಿಂಗ್ ಯುವರ್ ಮೈಂಡ್ ಅಪ್'. ಯೂರೋವಿಷನ್ ಸ್ಪರ್ಧೆ ಗೆದ್ದ ಬಕ್ಸ್ ಫಿಜ್ ತಂಡದ ಕುಣಿದಾಡುವ ಹಾಡು. ಚೀಟಿ ಮಡಚಿ ಜೇಬಿಗೆ ಇಟ್ಟೆ.

ಬಿಳಿಯರು, ಕರಿಯರು, ಒಂದೇ ತಂಡ

ಈ ಊರಿನಲ್ಲೇ ಜೆರಿ ಡ್ಯಾಮರ್ಸ್ ಬೆಳೆದದ್ದು. ತಂದೆ ಪಾದ್ರಿ, ಇಲ್ಲಿನ ಕ್ಯಾಥೆಡ್ರಲಿನಲ್ಲಿ ಇದ್ದವರು. ಮಗನಿಗೆ ದೇವರ ಕೀರ್ತನೆಗಿಂತ ಜಮೈಕಾದ 'ಸ್ಕಾ' ಸಂಗೀತದ ಹುಚ್ಚು. ಇಲ್ಲಿನ ಪಾಲಿಟೆಕ್ನಿಕ್‌ನಲ್ಲಿ ಚಿತ್ರಕಲೆ ಓದುವಾಗ ಗೆಳೆಯರಾದವರನ್ನು ಕಟ್ಟಿಕೊಂಡು ತಂಡ ಮಾಡಿದ. ಹಾಡಲು ಟೆರಿ ಹಾಲ್, ಇದೇ ಊರಿನ ಬಿಳಿಯ ಹುಡುಗ. ಜೊತೆಗೆ ಜಮೈಕಾದಲ್ಲಿ ಹುಟ್ಟಿದ ನೆವಿಲ್ ಸ್ಟೇಪಲ್ ಮತ್ತು ಲಿನ್ವಲ್ ಗೋಲ್ಡಿಂಗ್. 1979ರಲ್ಲಿ ಡ್ಯಾಮರ್ಸ್ ತನ್ನದೇ ತಟ್ಟೆ ಕಂಪನಿ ತೆಗೆದ. ಹೆಸರು 'ಟೂ ಟೋನ್', ಅಂದರೆ ಎರಡು ಬಣ್ಣ. ಗುರುತು ಕಪ್ಪು ಬಿಳಿ ಚೌಕ. ಸರ್ದಾರ್‌ಜಿ ಕೌಂಟರಿನ ಪಟ್ಟಿಯ ಗುಟ್ಟು ಈಗ ತಿಳಿಯಿತಾ?

ಪ್ರವಾಸ ಹೋದಾಗ ಗ್ಲಾಸ್ಗೋ ನಗರದಲ್ಲಿ ಮುದುಕಿಯರು ಮನೆಯ ಕಪ್ಪು ಸಾಸರುಗಳನ್ನು ಬೀದಿಗೆ ತಂದು ಮಾರುತ್ತಿದ್ದುದನ್ನು ಅವನು ಕಂಡಿದ್ದ. ಮುಚ್ಚಿದ ಕ್ಲಬ್ಬುಗಳು, ಕೆಲಸವಿಲ್ಲದ ಹುಡುಗರು, ಮಾತೆತ್ತಿದರೆ ಹೊಡೆದಾಟ. ಇದೆಲ್ಲ ಸೇರಿ 'ಘೋಸ್ಟ್ ಟೌನ್'. ಮುದ್ರಣವಾದದ್ದು ಲಂಡನ್ನಿನ ದೊಡ್ಡ ಸ್ಟುಡಿಯೋದಲ್ಲಲ್ಲ, ಪಕ್ಕದ ಲೆಮಿಂಗ್ಟನ್ ಸ್ಪಾ ಎಂಬ ಊರಿನ ಪುಟ್ಟ ಸ್ಟುಡಿಯೋದಲ್ಲಿ. ಬರೀ 8 ಟ್ರ್ಯಾಕ್! ನಾನು ಬಸ್ಸು ಹಿಡಿದು ಆ ವುಡ್‌ಬೈನ್ ಸ್ಟ್ರೀಟಿಗೂ ಹೋಗಿ ಬಂದೆ. ಬೀದಿ ನೋಡಿದರೆ ಇಲ್ಲಿಂದ ನಂಬರ್ ಒನ್ ಹೊರಟಿತು ಅಂತ ಯಾರೂ ಹೇಳಲಾರರು.

ಹಾಡು ಕೇಳಿದ್ದೀರಾ? ಶುರುವಿಗೇ ಗಾಳಿ ಊಳಿಟ್ಟ ಹಾಗೆ. ನಮ್ಮ ದೆವ್ವದ ಚಿತ್ರಗಳಲ್ಲಿ ಹಳೇ ಬಂಗಲೆಯ ಬಾಗಿಲು ತಾನಾಗಿ ತೆರೆಯುವಾಗ ಬರುತ್ತದಲ್ಲ, ಆ ತರಹ. ಆಮೇಲೆ ಜಮೈಕಾದ ಹಿರಿಯ ವಾದಕ ರಿಕೋ ರಾಡ್ರಿಗಸ್ ಊದಿದ ಟ್ರೊಂಬೋನ್, ಎದೆ ಹಿಂಡುತ್ತದೆ. ಟೆರಿ ಹಾಲ್ ಅಳುವುದೂ ಇಲ್ಲ, ಕೂಗುವುದೂ ಇಲ್ಲ. ಸತ್ತ ಸುದ್ದಿ ಹೇಳಲು ಬಂದವನ ಹಾಗೆ ಸಪ್ಪೆ ದನಿಯಲ್ಲಿ ಹಾಡುತ್ತಾನೆ. ಇದರ ಚಿತ್ರ ತೆಗೆದದ್ದು ಬಾರ್ನಿ ಬಬಲ್ಸ್. ಹಳೇ ವಾಕ್ಸ್‌ಹಾಲ್ ಕ್ರೆಸ್ಟಾ ಕಾರಿನಲ್ಲಿ ತಂಡವನ್ನೆಲ್ಲ ತುರುಕಿ, ಖಾಲಿ ಬೀದಿ, ಸುರಂಗಗಳಲ್ಲಿ ಓಡಿಸಿದ್ದಾನೆ. ಆದರೆ ಆ ಬೀದಿಗಳು ಕೊವೆಂಟ್ರಿಯವಲ್ಲ, ಲಂಡನ್ನಿನವು. ಊಟಿಯಲ್ಲಿ ತೆಗೆದು ಕಾಶ್ಮೀರ ಅನ್ನುತ್ತಾರಲ್ಲ, ಅಲ್ಲೂ ಅದೇ ಕಥೆ!

ಮೂರು ವಾರ

ಜೂನ್ 20, ಶನಿವಾರ. ಕೊವೆಂಟ್ರಿಯ ಬಟ್ಸ್ ಸ್ಟೇಡಿಯಂನಲ್ಲಿ ಜನಾಂಗ ದ್ವೇಷದ ವಿರುದ್ಧ ಸ್ಪೆಷಲ್ಸ್ ತಂಡದ ಕಛೇರಿ.

"ಅದೇ ದಿನ ನ್ಯಾಷನಲ್ ಫ್ರಂಟ್‌ನವರು ಮೆರವಣಿಗೆ ಬರ್ತಾರೆ ಅಂತ ಊರೆಲ್ಲ ಗುಲ್ಲು," ಸರ್ದಾರ್‌ಜಿ ಹೇಳಿದರು. "ಎಷ್ಟೋ ಜನ ಹೆದರಿ ಬರಲಿಲ್ಲ. ನಾನು ಅಮ್ಮನಿಗೆ ಗುರುದ್ವಾರ ಅಂತ ಸುಳ್ಳು ಹೇಳಿ ಹೋದೆ. ದಾರಿಯುದ್ದಕ್ಕೂ ಹಿಂದೆ ಬೂಟಿನ ಸದ್ದು ಕೇಳಿದಂತೆ ಆಗೋದು. ಒಳಗೆ ಹೋಗಿ ನಿಂತ ಮೇಲೆ ನೋಡ್ತೀನಿ, ನನ್ನ ಪಕ್ಕದಲ್ಲೇ ಒಬ್ಬ ಬೋಳು ತಲೆಯವನು! ಜೀವ ಬಾಯಿಗೆ ಬಂತು. ಅವನು ನನ್ನ ಪಗಡಿ ನೋಡಿದ. ಸ್ವಲ್ಪ ಸರಿದು ಜಾಗ ಬಿಟ್ಟ. ಅಷ್ಟೇ. ಒಂದು ಮಾತು ಆಡಲಿಲ್ಲ. ಹಾಡು ಮುಗಿಯೋವರೆಗೂ ಪಕ್ಕದಲ್ಲೇ ಕುಣಿದ."

ಜುಲೈ 3. ನಾನು ಬಾಯಿ ಬಿಟ್ಟು ನಿಂತಿದ್ದೆನಲ್ಲ, ಅದೇ ಸೌತಾಲ್. ಅಲ್ಲಿನ ಒಂದು ಪಬ್ಬಿನಲ್ಲಿ ಬೋಳು ತಲೆಯವರ ತಂಡಗಳ ಕಛೇರಿ. ಬಸ್ಸುಗಳಲ್ಲಿ ಬಂದವರು ನಮ್ಮವರ ಅಂಗಡಿಗಳ ಮೇಲೆ ಬಿದ್ದರು. ಪಂಜಾಬಿ ಹುಡುಗರು ತಿರುಗಿ ಬಿದ್ದರು. ರಾತ್ರಿಗೆ ಪಬ್ಬು ಸುಟ್ಟು ಬೂದಿ. ಅದೇ ರಾತ್ರಿ ಲಿವರ್‌ಪೂಲಿನ ಟಾಕ್ಸ್‌ಟೆತ್‌ನಲ್ಲಿ ಪೊಲೀಸರ ಮೇಲಿನ ಸಿಟ್ಟು ಸ್ಫೋಟಿಸಿತು. ಲಂಡನ್ನಿನ ಬ್ರಿಕ್ಸ್‌ಟನ್ ಏಪ್ರಿಲಿನಲ್ಲೇ ಉರಿದಿತ್ತು. ಜುಲೈ 8ಕ್ಕೆ ಮ್ಯಾಂಚೆಸ್ಟರಿನ ಮಾಸ್ ಸೈಡ್, 10ಕ್ಕೆ ಬರ್ಮಿಂಗ್‌ಹ್ಯಾಮಿನ ಹ್ಯಾಂಡ್ಸ್‌ವರ್ತ್. ಜುಲೈ 11ರ ಪಟ್ಟಿಯ ನೆತ್ತಿಯ ಮೇಲೆ ಹಾಳೂರಿನ ಹಾಡು!

ಕೆಳಗೆ ಬೆಂಕಿ, ಮೇಲೆ ಹಾಡು. ಬೆಂಕಿಯನ್ನು ಹಾಡು ಹಚ್ಚಲಿಲ್ಲ. ಅದು ಮುದ್ರಣವಾದಾಗ ಈ ಜುಲೈ ಇನ್ನೂ ದೂರವಿತ್ತು. ಹೊಗೆಯ ವಾಸನೆ ಆ ಹುಡುಗರಿಗೆ ಮೊದಲೇ ಬಡಿದಿತ್ತು, ಅಷ್ಟೇ. ಜುಲೈ 25ರ ತನಕ ಅದೇ ನಂಬರ್ ಒನ್. 29ರಂದು ರಾಜಕುಮಾರ ಚಾರ್ಲ್ಸ್ ಮತ್ತು ಡಯಾನಾ ಮದುವೆ, ಜಗತ್ತೇ ಟಿವಿ ಮುಂದೆ. ಆಗಸ್ಟ್ 1ರ ಪಟ್ಟಿಗೆ ಶೇಕಿನ್ ಸ್ಟೀವನ್ಸ್‌ನ 'ಗ್ರೀನ್ ಡೋರ್' ಬಂತು. ಮೋಜಿನ ಹಾಡು. ಹಾಳೂರು ಕೆಳಗಿಳಿಯಿತು.

ಗೆದ್ದ ತಂಡ ಏನಾಯಿತು ಅಂತೀರಾ? ಅದೇ ಹಾಡಿಗಾಗಿ 'ಟಾಪ್ ಆಫ್ ದಿ ಪಾಪ್ಸ್' ಕಾರ್ಯಕ್ರಮಕ್ಕೆ ಹೋದಾಗ, ಮೇಕಪ್ ಕೋಣೆಯಲ್ಲೇ, ಟೆರಿ, ನೆವಿಲ್, ಲಿನ್ವಲ್ ಮೂವರೂ "ನಾವು ಹೊರಟೆವು" ಎಂದು ತಿಳಿಸಿದರು. ಒಳಜಗಳ ಹಿಂದಿನಿಂದಲೇ ಇತ್ತು. ಬಣ್ಣದ ಜಗಳವಲ್ಲ, ಮನಸ್ಸಿನ ಜಗಳ. ಶಿಖರ ಮುಟ್ಟಿದ ದಿನವೇ ಗಂಟು ಬಿಚ್ಚಿತು. ದಶಕಗಳ ನಂತರ ಡ್ಯಾಮರ್ಸ್ ಇಲ್ಲದೆ ಮತ್ತೆ ಕೂಡಿದರು. 2019ರಲ್ಲಿ ಅವರ 'ಎನ್‌ಕೋರ್' ಆಲ್ಬಂ ಪಟ್ಟಿಯಲ್ಲಿ ನಂಬರ್ ಒನ್ನೂ ಆಯಿತು. 2022ರ ಡಿಸೆಂಬರಿನಲ್ಲಿ ಟೆರಿ ಹಾಲ್ ತೀರಿಕೊಂಡ.

ಒಂದು ಗೀಟು

ಹೊರಡುವ ಹಿಂದಿನ ದಿನ ಸರ್ದಾರ್‌ಜಿಗೆ ಹೇಳಿ ಬರಲು ಹೋದೆ. ಗೋಡೆಯ ತಟ್ಟೆ ಕೆಳಗಿಳಿಸಿ ನನ್ನ ಕೈಗೆ ಕೊಟ್ಟರು. ತುಂಬ ಹಗುರ.

"ಆಗ ನನಗೆ ಸರ್ಕಾರದ ನಿರುದ್ಯೋಗ ಭತ್ಯೆ ಬರ್ತಿತ್ತು ಬೇಟಾ. ಅದರಲ್ಲಿ ಕೊಂಡೆ. ಅಪ್ಪ ಬೈದ. ಕೆಲಸ ಇಲ್ಲ, ಹಾಡು ಬೇರೆ ಕೇಡು ಅಂತ."

ನನ್ನ ಅಪ್ಪನೂ ಇದೇ ಮಾತು ಆಡಿದ್ದಾರೆ. ಭಾಷೆ ಬೇರೆ, ಅಷ್ಟೇ. ಸುಮ್ಮನೆ ತಲೆಯಾಡಿಸಿದೆ.

"ಅಂಗಡಿಯವಳು ನಂಬರು ನೋಡಿ ಪುಸ್ತಕದಲ್ಲಿ ಗೀಚಿಕೊಂಡಳು. ಅದು ಆ ಡೈರಿಯೋ, ಬರೀ ಅಂಗಡಿ ಲೆಕ್ಕವೋ ನನಗೇನು ಗೊತ್ತು! ಮುಂದಿನ ವಾರ ನಂಬರ್ ಒನ್ ಅಂತ ರೇಡಿಯೋದಲ್ಲಿ ಹೇಳಿದಾಗ ಅಮ್ಮನ್ನ ಕರೆದು ಹೇಳಿದೆ. ಈ ದೇಶದಲ್ಲಿ ಮೊದಲನೇ ಸಲ ನನ್ನನ್ನೂ ಎಣಿಸಿದ್ದಾರೆ ಅಮ್ಮ, ಅದರಲ್ಲಿ ಒಂದು ಗೀಟು ನನ್ನದು ಅಂತ."

ತಟ್ಟೆಯನ್ನು ಮತ್ತೆ ಮೊಳೆಗೆ ಸಿಕ್ಕಿಸಿದರು. ಸ್ವಲ್ಪ ಓರೆಯಾಗಿತ್ತು. ಸರಿ ಮಾಡಿದರು. ಹಾಲಿನ ದುಡ್ಡು ಮಾತ್ರ ಬಿಡಲಿಲ್ಲ, ಎಣಿಸಿ ತಗೊಂಡರು!

ಮುಂದಿನ ಸಲ ಊಟಿ ಬಸ್ಸು ಹತ್ತಿದಾಗ, ಕಿಟಕಿಯ ಪಕ್ಕ ಕೂತು ಈ ಹಾಡು ಒಮ್ಮೆ ಕೇಳಿ ನೋಡಿ. ಡ್ಯುಯೆಟ್ ನೆನಪಾಗದೇ ಇದ್ದರೆ ನನ್ನನ್ನು ಬೈಯಬೇಡಿ.